ಕಾಶಿಬಾಯಿ ನಂಬಿದ ನಾಲ್ಕಾಣೆ

ನಾನು ಹೆದರುವ ಮನುಷ್ಯನಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರುಗಳ ನಡುವೆ ಇಪ್ಪತ್ತಾರು ವರ್ಷ ಸರ್ಕಾರಿ ಬಸ್ಸು ಓಡಿಸಿದ್ದೇನೆ. ಹಾರ್ನ್ ಕೇಳಿ ಎಮ್ಮೆ ದಾರಿ ಬಿಡುವುದು ಎಲ್ಲ ಡ್ರೈವರುಗಳಿಗೂ ಆಗುವಂಥದ್ದು. ನನ್ನ ಹಾರ್ನ್ ಕೇಳಿದರೆ ಕಬ್ಬು ತುಂಬಿದ ಟ್ರ್ಯಾಕ್ಟರು ಹಿಂದೆ ಹಿಂದೆ ಸರಿದು ಹೊಲಕ್ಕೇ ವಾಪಸು ಹೋಗುತ್ತದೆ. ಲಚ್ಯಾಣದ ಹತ್ತಿರ ರಸ್ತೆಗೆ ಅಡ್ಡ ನಿಂತ ಗೂಳಿಯನ್ನು ನಾನು ಬರೀ ಕಣ್ಣಿನಿಂದ ದಿಟ್ಟಿಸಿ ಕೂಡಿಸಿದ್ದೇನೆ. ಅದು ಇನ್ನೂ ಅಲ್ಲೇ ಕೂತಿದೆ ಎಂದು ಮಂದಿ ಹೇಳುತ್ತಾರೆ. ಅಂಥ ನಾನು ಕಳೆದ ವರ್ಷ ಆಗಸ್ಟಿನ ಒಂದು ಮಂಗಳವಾರ, ತಾಳಿಕೋಟೆಯಿಂದ ದೇವರ ಹಿಪ್ಪರಗಿ ಮುಟ್ಟುವಷ್ಟರಲ್ಲಿ ಸುರಿಸಿದ ಬೆವರಿಗೆ ಆಲಮಟ್ಟಿ ಅಣೆಕಟ್ಟಿನ ಅಷ್ಟೂ ಗೇಟು ತೆರೆಯಬೇಕಾಗಿತ್ತು.

ಯಾಕೆ ಎಂದು ಹೇಳಬೇಕಾದರೆ ಮೊದಲು ಸಾಕ್ಷಿಯ ವಿಷಯ ಹೇಳಬೇಕು.

ನಮ್ಮದು ಮುತ್ತಜ್ಜನ ಕಾಲದಿಂದ ಕ್ರೈಸ್ತ ಮನೆತನ. ಹೆಸರುಗಳು ಮಾತ್ರ ಈ ನೆಲದವು: ನಾನು ಧೂಳಪ್ಪ, ಹೆಂಡತಿ ಕಾಶಿಬಾಯಿ. ಸಿಂದಗಿಯಲ್ಲಿ ನಾವು ಹೋಗುವ ಚರ್ಚು ಸಣ್ಣದು, ತಗಡಿನ ಮಾಡು. ಭಾನುವಾರ ಉಪದೇಶದ ಪ್ರಸಂಗ ಮುಗಿದ ಮೇಲೆ ಪಾಸ್ಟರು "ಸಾಕ್ಷಿ ಇದ್ದವರು ಏಳ್ರಿ" ಎನ್ನುತ್ತಾರೆ. ಆ ವಾರ ದೇವರು ತನಗೇನು ಮಾಡಿದ ಎಂಬುದನ್ನು ಎದ್ದು ನಿಂತು ಎಲ್ಲರ ಮುಂದೆ ಹೇಳಿ, ಸ್ತೋತ್ರ ಎಂದು ಕೂರಬೇಕು. ಉಳಿದವರದು ಎರಡು ಮಾತು: ಎಮ್ಮೆ ಈಯಿತು, ಸ್ತೋತ್ರ, ಮಗನ ಜ್ವರ ಬಿಟ್ಟಿತು, ಸ್ತೋತ್ರ. ನಾನು ಎದ್ದರೆ ಕೂಸುಗಳು ಅಳು ನಿಲ್ಲಿಸುತ್ತಿದ್ದವು. ನನ್ನ ಬಸ್ಸಿಗೆ ಬಂದ ಗೇಣುದ್ದದ ಹಾವು ಸಾಕ್ಷಿಯಲ್ಲಿ ಹಿಂದಿನ ಸೀಟಿನಿಂದ ಡ್ರೈವರ್ ಸೀಟಿನವರೆಗೆ ಬೆಳೆದಿತ್ತು; ನಾನು ಪ್ರಾರ್ಥನೆ ಮಾಡಿದ ಕೂಡಲೇ ಅದು ಮುಂದಿನ ಸ್ಟಾಪಿನಲ್ಲಿ ತಾನಾಗಿ ಇಳಿದು ಹೋಗಿತ್ತು. ಪಕ್ಕದ ಬೀದಿಯ ಮಂದಿ ಕಿಟಕಿಗೆ ಬಂದು ನಿಲ್ಲುತ್ತಿದ್ದರು.

ಕಾಶಿಬಾಯಿ ಮಾತ್ರ ನಗುತ್ತಿರಲಿಲ್ಲ.

"ನಿಮ್ಮ ಸಾಕ್ಷಿ ಕೇಳಿ ದೇವರಿಗೇ ಗಾಬರಿ ಆಗಿರಬೇಕ್ರಿ, ಇದನ್ನೆಲ್ಲಾ ನಾ ಯಾವಾಗ ಮಾಡಿದ್ನಿ ಅಂತ."

"ನೀ ಒಬ್ಬಾಕಿನ ನಂಬಂಗಿಲ್ಲ ನೋಡು."

"ನಂಬತೇನ್ರಿ. ರೂಪಾಯಿಗೆ ನಾಲ್ಕಾಣೆ ನಂಬತೇನಿ. ಉಳಿದ ಹನ್ನೆರಡಾಣೆ ಅವ ಕ್ಷಮಿಸಲಿ."

ಮೂವತ್ತು ವರ್ಷ ಆಕೆ ಇದೇ ಲೆಕ್ಕದಲ್ಲಿ ನನ್ನೊಂದಿಗೆ ಬಾಳಿದಳು. ಬಸ್ಸಿನಲ್ಲಿ ಇನ್ನೂರು ಮಂದಿ ಇದ್ದರು ಎಂದರೆ ಐವತ್ತು ಎಂದು ತಿಳಿದುಕೊಳ್ಳುತ್ತಿದ್ದಳು. ಎಂಟು ದಿನದಿಂದ ತಲೆ ನೋವು ಎಂದರೆ ಎರಡು ದಿನದ ಕಷಾಯ ಕುದಿಸುತ್ತಿದ್ದಳು. ಹೇಳಿದರೆ ನಂಬುವುದಿಲ್ಲ, ಆ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಆ ವರ್ಷ ಮಾರ್ಚಿನಲ್ಲಿ ಆಕೆಯ ಎದೆ ತೆರೆಯಬೇಕಾಯಿತು. ಹೃದಯದೊಳಗಿನ ಒಂದು ಕವಾಟ ಕೆಟ್ಟಿತ್ತು. ಸೋಲಾಪುರದ ದವಾಖಾನೆಯಲ್ಲಿ ಅದನ್ನು ತೆಗೆದು ಲೋಹದ್ದನ್ನು ಕೂಡಿಸಿದರು. ಅದು ಗೋಡೆಯ ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತಿತ್ತು. ಆಕೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ಅದು ಪಡಸಾಲೆಯಲ್ಲಿ ಕೂತ ನನಗೆ ಕೇಳುತ್ತಿತ್ತು. ಡಿಪೋದಲ್ಲಿ ಹೇಳುವಾಗ ಮುದ್ದೇಬಿಹಾಳ ಬಸ್ ಸ್ಟ್ಯಾಂಡಿಗೂ ಕೇಳುತ್ತದೆ ಎಂದೆ. ದಿನಕ್ಕೆ ನಾಲ್ಕು ಗುಳಿಗೆ. ಅದರಲ್ಲಿ ಕೆಂಪು ಡಬ್ಬಿಯದು ರಕ್ತ ತೆಳ್ಳಗಾಗಿ ಇಡುವುದು. ಆ ಗುಳಿಗೆ ಇರುವವರೆಗೆ ಆಕೆ ಮೆಂತೆ, ರಾಜಗಿರಿ ಯಾವ ಸೊಪ್ಪಿನ ಪಲ್ಲೆಯನ್ನೂ ಮನಸ್ಸು ಬಂದಂತೆ ತಿನ್ನುವ ಹಾಗಿಲ್ಲ. ಪಲ್ಲೆ ಇಲ್ಲದ ರೊಟ್ಟಿ ಆಕೆಗೆ ಶಿಕ್ಷೆ. ಹಲ್ಲು ಉಜ್ಜಿದರೆ ವಸಡಿನಿಂದ ರಕ್ತ ಬೇರೆ.

ಜುಲೈ ಕೊನೆಗೆ ತಪಾಸಣೆಗೆ ಹೋದೆವು. ಕಾಶಿಬಾಯಿ ರಕ್ತ ಪರೀಕ್ಷೆಯ ಪಾಳಿಯಲ್ಲಿ ನಿಂತಿದ್ದಳು, ಡಾಕ್ಟರ ಕೋಣೆಗೆ ನಾನೊಬ್ಬನೇ ಹೋದೆ. ಅವರು ಕಾಗದ ನೋಡಿ ಹೇಳಿದ್ದು ಇಷ್ಟು: "ಸುಧಾರಿಸುತ್ತಿದ್ದಾರೆ. ಗುಳಿಗೆ ಹೀಗೇ ನಡೆಯಲಿ. ಮೂರು ತಿಂಗಳು ಬಿಟ್ಟು ಬನ್ನಿ."

ಮುಂದಿನ ಬುಧವಾರ ಮನೆಯಲ್ಲಿ ಸ್ತೋತ್ರ ಕೂಟ ಇಟ್ಟೆವು. ದೇವರಿಗೆ ವಂದನೆ ಹೇಳಲು ಬಳಗವನ್ನೆಲ್ಲ ಕರೆದು, ಹಾಡಿ, ಉಣ್ಣಿಸಿ ಕಳಿಸುವ ರೂಢಿ ಅದು. ಇಂಡಿಯಿಂದ ಬೀಗರು, ಬಾಗೇವಾಡಿಯಿಂದ ಮಗಳು ಸುನೀತಾ, ಚರ್ಚಿನವರು, ಎಲ್ಲ ಸೇರಿ ನಲವತ್ತು ಮಂದಿ. ನಾನು ನಾನೂರು ಎನ್ನುತ್ತೇನೆ. ಪಕ್ಕದ ಮನೆಯ ಮೆಹರಾಜ ಬೆಳಗಿನಿಂದ ನಿಂತು ದೊಡ್ಡ ಡಬರಿಯಲ್ಲಿ ಪಲಾವು ಮಾಡಿದ್ದಳು. ಪಾಸ್ಟರು ನನ್ನ ಕಡೆ ಕೈ ಮಾಡಿದರು. ಎದ್ದೆ.

ಡಾಕ್ಟರು ಹೇಳಿದ್ದನ್ನು ಹೇಳಬೇಕೆಂದೇ ಎದ್ದದ್ದು, ಆಣೆ ಮಾಡಿ ಹೇಳುತ್ತೇನೆ. ಆದರೆ ಅಷ್ಟು ಮುಖಗಳು ನನ್ನತ್ತ ತಿರುಗಿದ್ದವು, ಪಲಾವಿನ ಘಮ ಬರುತ್ತಿತ್ತು, "ಸುಧಾರಿಸುತ್ತಿದ್ದಾರೆ" ಎಂಬ ಒಂದೇ ಮಾತು ಬಾಯಲ್ಲಿ ತೀರಾ ಬಡಪಾಯಿ ಎನಿಸಿತು. ಡಾಕ್ಟರು ಕುರ್ಚಿಯಿಂದ ಎದ್ದು ಕೈಮುಗಿದರು ಎಂದೆ. "ಧೂಳಪ್ಪನವರೇ, ಇದು ನನ್ನ ಕೆಲಸ ಅಲ್ಲ, ನಿಮ್ಮ ದೇವರದು, ಹದಿನೆಂಟರ ಹುಡುಗಿಯ ಹೃದಯ ಆಗಿದೆ, ಎಲ್ಲ ಗುಳಿಗೆ ಭೀಮಾ ನದಿಗೆ ಬಿಸಾಕಿ" ಎಂದರು ಎಂದೆ. ಜನ "ಸ್ತೋತ್ರ! ಸ್ತೋತ್ರ!" ಎಂದಾಗ ನನಗೆ ಇನ್ನೂ ಹುರುಪು ಏರಿತು. ಹೋದ ವಾರ ಕಾಶಿಬಾಯಿ ಮಾಳಿಗೆಯಿಂದ ತಲೆಕೆಳಗಾಗಿ ಬಿದ್ದಳು, ನೆಲ ಮುಟ್ಟುವ ಮೊದಲೇ ಯಾರೋ ಎತ್ತಿ ನಿಲ್ಲಿಸಿದರು ಎಂದೂ ಸೇರಿಸಿದೆ. ಮೆಹರಾಜ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕಾಶಿಬಾಯಿ ಬಾಗಿಲ ಸಂದಿಯಲ್ಲಿ ನಿಂತು ನೆಲ ನೋಡುತ್ತಿದ್ದಳು. ಲೆಕ್ಕ ಹಾಕುತ್ತಿದ್ದಾಳೆ ಎಂದು ನನಗೆ ಹೊಳೆಯಲಿಲ್ಲ.

ಆಮೇಲೆ ಎರಡು ವಾರ ಎಲ್ಲ ಸರಿ ಇತ್ತು. ಇತ್ತು ಎಂದುಕೊಂಡಿದ್ದೆ.

ಆ ಮಂಗಳವಾರ ಬೆಳಿಗ್ಗೆ ಮುದ್ದೇಬಿಹಾಳದಿಂದ ಸಿಂದಗಿಗೆ ಬಸ್ಸು ತೆಗೆದಿದ್ದೆ. ತಾಳಿಕೋಟೆ ದಾಟಿ ಸ್ವಲ್ಪ ದೂರಕ್ಕೆ ಕಂಡಕ್ಟರ್ ಮೈಬೂಬನ ಫೋನು ರಿಂಗಾಯಿತು. ಅವನು ಮಾತಾಡಿ ಮುಂದೆ ಬಂದು ನನ್ನ ಸೀಟಿನ ಹಿಂದಿನ ಕಂಬಿ ಹಿಡಿದು ನಿಂತ. ಮೈಬೂಬ ಸುಮ್ಮನೆ ನಿಲ್ಲುವ ಆಸಾಮಿಯಲ್ಲ.

"ಏನೋ?"

"ಏನಿಲ್ಲಣ್ಣಾ. ಗಾಡಿ ಮೆತ್ತಗ ಹೊಡಿ."

"ಮೆತ್ತಗs ಹೊಡ್ಯಾಕತ್ತೇನಿ. ಯಾರ ಫೋನು?"

"ಮೆಹರಾಜಕ್ಕಂದು. ಕಾಶಿಬಾಯಿ ವೈನಿಗೆ ಉಸಿರಾಡಾಕ ಆಗವಲ್ದಂತ. ನೀರಿನ ಕೊಡ ಕೈ ಬಿಟ್ಟು ಅಲ್ಲೇ ಕುಂತಾರಂತ. ಸಿಂದಗಿ ದವಾಖಾನ್ಯಾಗ ನೋಡಿ, ಇಲ್ಲಿ ಆಗಂಗಿಲ್ಲ, ವಿಜಯಪುರಕ್ಕ ಒಯ್ಯಿರಿ ಅಂದಾರ. ಆಂಬುಲೆನ್ಸ್ ಹೊಂಟೈತಿ. ಹಿಪ್ಪರಗಿ ಮ್ಯಾಲೆ ಬರ್ತೈತಲ್ಲಾ, ನೀ ಅಲ್ಲೇ ಹತ್ತು."

"ಬಸ್ಸು?"

"ಬಸ್ಸು ನಾ ತಲಿ ಮ್ಯಾಲೆ ಹೊತ್ಕೊಂಡು ಹೋಗ್ತೇನಿ! ಹಿಂದಿನ ಗಾಡಿಗೆ ಮಂದಿ ಹತ್ತಸ್ತೇನಿ, ಡಿಪೋದಾಗ ನಾ ಮಾತಾಡ್ತೇನಿ. ನೀ ರೋಡ್ ನೋಡು ಮೊದಲ."

ರಸ್ತೆ ನೋಡಿದೆ. ಎರಡೂ ಬದಿಗೆ ತೊಗರಿ. ಎಂದೂ ಕಾಣದಷ್ಟು ಉದ್ದ ರಸ್ತೆ. ಯಾರೋ ಹಿಂದಿನ ದಿನ ತಂದು ಅದಕ್ಕೆ ನೂರು ಮೈಲಿ ಜೋಡಿಸಿದಂತಿತ್ತು. ನನ್ನ ಬೆನ್ನ ಹಿಂದೆ ಐವತ್ತೆರಡು ಮಂದಿ ಸಂತೆಯ ಚೀಲ ಹಿಡಿದು ಕೂತು ಹರಟುತ್ತಿದ್ದರು. ಆಕ್ಸಿಲರೇಟರ್ ತುಳಿಯಬೇಕೆಂದು ಕಾಲು ಒದ್ದಾಡುತ್ತಿತ್ತು, ತುಳಿದರೆ ಅವರ ಜೀವ. ಬೆರಳುಗಳು ಸ್ಟೇರಿಂಗಿಗೆ ಅಂಟಿಕೊಂಡವು. ಪ್ರಾರ್ಥನೆ ಮಾಡೋಣವೆಂದರೆ "ದೇವರೇ" ಎಂಬುದರ ಆಚೆಗೆ ಒಂದು ಮಾತೂ ಹುಟ್ಟಲಿಲ್ಲ. ಮಾತಿನ ಮಲ್ಲ ನಾನು. "ದೇವರೇ, ದೇವರೇ" ಎಂದು ಗೇರು ಬದಲಿಸುತ್ತ ಹೋದೆ.

ಹಿಪ್ಪರಗಿ ನಿಲ್ದಾಣದ ಹೊರಗೆ ಆಂಬುಲೆನ್ಸ್ ನಿಂತಿತ್ತು. ಹತ್ತಿದೆ. ಕಾಶಿಬಾಯಿಯನ್ನು ಒರಗಿಸಿ ಕೂಡಿಸಿದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೂಗಿನ ಮೇಲೆ ಆಕ್ಸಿಜನ್ ಮುಸುಕು, ತುಟಿ ನೇರಳೆಹಣ್ಣಿನ ಬಣ್ಣ. ಮೆಹರಾಜ ಆಕೆಯ ಕಾಲು ತಿಕ್ಕುತ್ತಿದ್ದಳು. ನಾನು ಕೂತು ಆಕೆಯ ಎದೆಯ ಹತ್ತಿರ ಕಿವಿ ಒಯ್ದೆ. ಮುದ್ದೇಬಿಹಾಳಕ್ಕೆ ಕೇಳುತ್ತಿದ್ದ ಟಿಕ್ ಟಿಕ್ ಕಿವಿ ಹಚ್ಚಿದರೂ ಕೇಳಲಿಲ್ಲ. ಗಾಡಿಯ ಸದ್ದಿಗೆ ಕೇಳುತ್ತಿಲ್ಲವೆಂದುಕೊಂಡೆ. ಎಷ್ಟು ದಿನದಿಂದ ಅದು ಸಣ್ಣದಾಗುತ್ತ ಬಂದಿತ್ತೋ. ಮನೆಯಲ್ಲಿ ಇದ್ದಷ್ಟು ಹೊತ್ತೂ ನಾನು ಮಾತಾಡುತ್ತಿದ್ದೆ.

"ಗುಳಗಿ ತಗೊಂಡಿಯಿಲ್ಲೊ ಇವತ್ತು?"

ಆಕೆ ಮುಸುಕು ಸರಿಸಿದಳು. "ಮೂರು ತಗೊಂಡೇನ್ರಿ."

"ನಾಲ್ಕಲ್ಲಾ?"

"ಕೆಂಪ ಡಬ್ಬಿದು ಬಿಟ್ಟೇನಿ."

"ಯಾಕs? ಯಾರು ಹೇಳಿದ್ರು ನಿನಗ?"

ಆಕೆ ಉಸಿರಿಗಾಗಿ ಕಾದಳು. ಆಂಬುಲೆನ್ಸ್ ಒಂದು ಗುಂಡಿ ಹಾರಿತು.

"ನೀವs. ನಾಕೂ ಬಿಸಾಕು ಅಂದಾರ ಅಂದ್ರೆಲ್ಲಾ ಕೂಟದಾಗ. ನಾಕು ಅಂದ್ರ ಒಂದಾದ್ರೂ ಬಿಡು ಅಂದಿರ್ತಾರ ಅಂತ... ಒಂದs ಬಿಟ್ಟೇನ್ರಿ. ಅದೊಂದು ಪಲ್ಲೆ ತಿನ್ನಾಕ ಬಿಡ್ತಿದ್ದಿಲ್ಲ."

ಮೆಹರಾಜ ನನ್ನ ಮುಖ ನೋಡಿದಳು. ನಾನು ಆಂಬುಲೆನ್ಸಿನ ಬಾಗಿಲು ನೋಡಿದೆ. ಅದು ಒಳಗಿನಿಂದ ತೆರೆಯುತ್ತದೆಯೇ, ತೆರೆದರೆ ಹಾರಿಬಿಡಬಹುದೇ ಎಂದು ಒಂದು ಗಳಿಗೆ ಯೋಚಿಸಿದ್ದು ನಿಜ. ಇದರಲ್ಲಿ ಒಂದು ಕಾಸಿನಷ್ಟೂ ಸೇರಿಸಿಲ್ಲ.

ವಿಜಯಪುರದ ದವಾಖಾನೆಯಲ್ಲಿ ಆಕೆಯನ್ನು ಒಳಗೆ ಒಯ್ದರು. ಸ್ವಲ್ಪ ಹೊತ್ತಿಗೆ ಒಬ್ಬ ಡಾಕ್ಟರಮ್ಮ ಹೊರಗೆ ಬಂದರು. ನನ್ನ ಮಗಳಿಗಿಂತ ಚಿಕ್ಕವರು, ಆದರೆ ಆ ಕಣ್ಣು ನೋಡಿ ನನಗೆ ಡಿಪೋ ಮ್ಯಾನೇಜರು ನೆನಪಾದರು.

"ಕವಾಟಕ್ಕ ರಕ್ತದ ಗಡ್ಡಿ ಅಂಟೈತ್ರಿ. ಎರಡು ರೆಕ್ಕಿ ಇರ್ತಾವು ಅದಕ್ಕ. ಒಂದು ಅಲುಗಾಡವಲ್ದು, ಇನ್ನೊಂದು ಅರ್ಧಾ. ರಕ್ತದ ಗುಳಗಿ ಎಷ್ಟು ದಿನದಿಂದ ಬಿಟ್ಟಾರ?"

"ಭಾಳ ದಿನ ಆತ್ರಿ, ತಿಂಗಳ..."

"ಅಂದಾಜು ಬ್ಯಾಡ್ರಿ. ದಿನ ಹೇಳ್ರಿ."

ಬುಧವಾರದ ಕೂಟದಿಂದ ಬೆರಳು ಮಡಚಿದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಒಂದು ಸಂಖ್ಯೆ ಅದು ಇದ್ದಷ್ಟೇ ನನ್ನ ಬಾಯಿಂದ ಹೊರಬಿತ್ತು. "ಹದಿಮೂರು."

"ಕರಗಸೋ ಔಷಧ ಕೊಡಬೇಕು. ಸಣ್ಣ ಔಷಧ ಅಲ್ಲ. ಗಡ್ಡಿ ಒಡೆದು ಒಂದು ಚೂರು ಮಿದುಳಿಗೆ ಹೋಗಬಹುದು. ಇಲ್ಲಾಂದ್ರ ಮಿದುಳಾಗ ರಕ್ತ ಸೋರಬಹುದು. ಇತ್ತೀಚಿಗೆ ಎಲ್ಲೆರ ಬಿದ್ದಾರೇನು? ತಲಿಗೆ ಪೆಟ್ಟು?"

"ಇಲ್ರಿ" ಎಂದೆ.

"ಹೌದ್ರಿ ಡಾಕ್ಟರಮ್ಮಾ!" ಎಂದಳು ಮೆಹರಾಜ. ಪಾಪ, ನನಗೆ ಸಹಾಯ ಮಾಡುತ್ತಿದ್ದೇನೆಂದೇ ಆಕೆ ತಿಳಿದಿದ್ದಳು. "ಭಾಯಿ ಮರ್ತಾರ. ಮಾಳಿಗಿ ಮ್ಯಾಲಿಂದ ತಲಿಕೆಳಗ ಬಿದ್ದಿದ್ದಳ್ರಿ ಅಕ್ಕ. ಇವರs ಹೇಳಿದ್ರು, ಎಲ್ಲಾರ ಮುಂದ."

ಡಾಕ್ಟರಮ್ಮ ಪೆನ್ನು ನಿಲ್ಲಿಸಿದರು. "ತಲಿಗೆ ಪೆಟ್ಟಾಗಿದ್ರ ಈ ಔಷಧ ಕೊಟ್ಟರ ಜೀವಕ್ಕs ಬರ್ತೈತಿ. ಯಾವುದು ಖರೆ?"

"ಬಿದ್ದಿಲ್ರಿ. ಕೆಳಗಿನ ಮೆಟ್ಟಲದಾಗ ಕಾಲು ಜಾರಿ ಕುಂತಿದ್ಲು. ತಲಿ ಎಲ್ಲೂ ಬಡದಿಲ್ಲ."

"ಮತ್ತ ಮಾಳಿಗಿ?"

"ಮಾಳಿಗಿ ನಾ ಹಚ್ಚಿದ್ದು."

"ಹಚ್ಚಿದ್ದು ಅಂದ್ರ?"

"ಸುಳ್ಳ್ರಿ."

ಅವರು ನನ್ನನ್ನೂ ಮೆಹರಾಜಳನ್ನೂ ಒಂದೊಂದು ಸಲ ನೋಡಿದರು. ಅವರು ನನ್ನನ್ನು ನಂಬಲಿಲ್ಲ. ಯಾಕೆ ನಂಬಬೇಕು? ತಲೆಯ ಸ್ಕ್ಯಾನ್ ಮಾಡಿಯೇ ಔಷಧ ಎಂದರು. ಸ್ಕ್ಯಾನಿನ ಕೋಣೆಯಲ್ಲಿ ಬೇರೆ ಯಾರೋ ಇದ್ದರು, ಕಾಯಬೇಕಾಯಿತು. ಗಾಲಿಯ ಮಂಚದ ಮೇಲೆ ನನ್ನ ಹೆಂಡತಿ ಕೂತು ಉಸಿರು ಎಳೆಯುತ್ತಿದ್ದಳು. ಒಂದೊಂದು ಉಸಿರೂ ತುಂಬಿದ ಬಾವಿಯಿಂದ ಸೇದಿದ ಕೊಡದಂತೆ ಗಲಗಲ ಎನ್ನುತ್ತಿತ್ತು. ಆಕೆ ಹತ್ತಿಯೇ ಇರದ ಮಾಳಿಗೆಯಿಂದ ನಾನು ಆಕೆಯನ್ನು ಬೀಳಿಸಿದ್ದಕ್ಕೆ ನಲವತ್ತು ನಿಮಿಷ ಹೋಯಿತು. ಗೋಡೆಯ ಗಡಿಯಾರದಲ್ಲಿ ನೋಡಿದ್ದೇನೆ, ನಲವತ್ತು. ನಾನೂರಲ್ಲ.

ಸ್ಕ್ಯಾನ್ ಸರಿ ಬಂತು. ಔಷಧ ಹಚ್ಚಿದರು. ಹನಿ ಹನಿಯಾಗಿ ಒಂದು ದಿನವೆಲ್ಲ ಇಳಿಯಬೇಕು ಎಂದರು.

ಸಂಜೆಗೆ ಸುನೀತಾ ಬಾಗೇವಾಡಿಯಿಂದ ಬಂದಳು. ಮೆಹರಾಜ ಎಲ್ಲ ಹೇಳಿದ್ದಳು. ಮಗಳು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.

"ಬೈ, ಸುನೀತಾ" ಎಂದೆ.

"ಬೈದ್ರ ಅದನ್ನೂ ನಾಳೆ ಊರ ಮುಂದ ದೊಡ್ಡದು ಮಾಡಿ ಹೇಳ್ತಿ, ಅಪ್ಪಾ. ಮಗಳು ಖಡ್ಗಾ ತಗೊಂಡು ಬಂದಿದ್ಲು ಅಂತ."

ನಕ್ಕಳೇ ಎಂದು ನೋಡಿದೆ. ನಗಲಿಲ್ಲ. ಎದ್ದು ಗಾಜಿನ ಬಾಗಿಲಿನ ಹತ್ತಿರ ಹೋಗಿ ನಿಂತಳು. ಆ ರಾತ್ರಿಯ ಬಗ್ಗೆ ಹೇಳುವುದಿಲ್ಲ. ಹೇಳಲು ಹೋದರೆ ಎಲ್ಲಿಯವರೆಗೆ ಬೆಳೆಸುತ್ತೇನೋ ಎಂದು ನನಗೇ ಭಯ.

ಬೆಳಿಗ್ಗೆ ಮೊದಲ ಬಸ್ಸಿಗೆ ಪಾಸ್ಟರು ಬಂದರು, ಚರ್ಚಿನ ನಾಲ್ಕು ಜನರೊಂದಿಗೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು ಅವರು, ಸಣಕಲು ಮೈ, ಗಟ್ಟಿ ಧ್ವನಿ. ಬಂದವರಲ್ಲಿ ಒಬ್ಬರು, "ಧೂಳಪ್ಪಣ್ಣಾ, ಒಂದು ಸಾಕ್ಷಿ ಹೇಳ್ರಿ, ನಮಗೂ ಧೈರ್ಯ ಬರ್ಲಿ" ಎಂದರು. ಪಾಸ್ಟರು ಕಣ್ಣಿನಲ್ಲೇ ಅವರನ್ನು ಚಹಾದ ಕಡೆ ಕಳಿಸಿ ನನ್ನ ಪಕ್ಕ ಕೂತರು.

"ಪ್ರಾರ್ಥನಾ ಮಾಡೂಣು?"

"ನನಗ ಬ್ಯಾಡ್ರಿ. ನಾ ಸುಳ್ಳ ಹೇಳೇನಿ."

"ಯಾವುದು?"

"ಎಲ್ಲಾ. ನನ್ನ ಜನ್ಮದಾಗ ಹೇಳಿದ್ದೆಲ್ಲಾ ಸುಳ್ಳು. ಒಂದು ಮಾತೂ ಖರೆ ಇಲ್ಲ."

"ನೋಡ್ರಿ, ಇದೂ ಹೆಚ್ಚ ಮಾಡಿ ಹೇಳಿದ್ರಿ." ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. "ಎಲ್ಲಾ ಅಂದ್ರ ಎಲ್ಲಾ ಹ್ಯಾಂಗ ಆಗ್ತೈತಿ? ಆವತ್ತಿನ ಸಾಕ್ಷ್ಯಾಗ ಖರೆ ಏನಿತ್ತು, ಅಷ್ಟ ಹೇಳ್ರಿ ನನಗ."

ಹುಡುಕಿದೆ. ಸಂತೆ ಮುಗಿದ ಬಯಲಿನಲ್ಲಿ ಬಿದ್ದ ಕಾಳು ಹುಡುಕಿದ ಹಾಗೆ.

"ಆಕಿ ಆಪರೇಶನ್‌ಕ್ಕ ಒಳಗ ಹೋದ್ಲು, ಹೊರಗ ಬಂದ್ಲು."

"ಖರೆ. ಮತ್ತ?"

"ಎಂಟನೆ ದಿನ ತಾನ ಎದ್ದು ನಳದ ತನಕ ನಡದ್ಲು. ನನ್ನ ಅಂಗಿ ಹೊಲಸು ಐತಿ ಅಂತ ಬೈದ್ಲು."

"ಮತ್ತ?"

"ಡಾಕ್ಟರು ಸುಧಾರಸಾಕತ್ತಾರ ಅಂದ್ರು."

"ಅಂದಿದ್ರಲ್ಲಾ! ಅದಕ್ಕ ಸ್ತೋತ್ರ ಹೇಳಿದ್ರೇನು ಆವತ್ತು?"

"ಇಲ್ರಿ. ಅದು ಸಣ್ಣದು ಕಂಡಿತ್ತು."

ಒಂದು ಗಾಲಿಯ ಮಂಚ ಕರಕರ ಎನ್ನುತ್ತ ನಮ್ಮೆದುರು ಹಾದುಹೋಯಿತು.

"ಈಗ ಹೇಳಬಹುದಲ್ರಿ" ಎಂದರು ಪಾಸ್ಟರು. "ಇದ್ದದ್ದಕ್ಕಷ್ಟ. ಅದು ಸಾಲಂಗಿಲ್ಲ ಅಂತ ದೇವರೇನು ನಿಮ್ಮ ಕಡಿಂದ ಹಚ್ಚಿಸ್ಕೊಳ್ಳಂಗಿಲ್ಲ."

"ಆಕಿ ಹ್ವಾದ್ರ?"

ಆ ಪ್ರಶ್ನೆಗೆ ಅವರ ಹತ್ತಿರ ದೊಡ್ಡ ಉತ್ತರ ಇದ್ದರೆ ನಾನು ಎದ್ದು ಹೋಗುತ್ತಿದ್ದೆ. ಅವರು, "ನನಗ ಗೊತ್ತಿಲ್ಲಣ್ಣಾ. ಅಂಜಿಕಿ ನನಗೂ ಐತಿ" ಎಂದು ಕಣ್ಣು ಮುಚ್ಚಿದರು.

ನಾನೂ ಮುಚ್ಚಿದೆ. ಕೊಡ ಬಿದ್ದ ಸದ್ದು ಮೆಹರಾಜಳಿಗೆ ಕೇಳಿಸಿತು, ಅದಕ್ಕೆ ಸ್ತೋತ್ರ. ಮೈಬೂಬ ಬಸ್ಸು ನೋಡಿಕೊಂಡ. ಸ್ಕ್ಯಾನಿನ ಕೋಣೆ ನಲವತ್ತು ನಿಮಿಷಕ್ಕೆ ಖಾಲಿಯಾಯಿತು, ಇನ್ನೂ ತಡವಾಗಬಹುದಿತ್ತು. ಮಗಳು ಬೈಯದಿದ್ದರೂ ಬಂದಳು. ಒಳಗಿನ ಮಂಚದ ಮೇಲೆ ಕಾಶಿಬಾಯಿ ಈ ಗಳಿಗೆಯಲ್ಲಿ ಉಸಿರಾಡುತ್ತಿದ್ದಾಳೆ. ಇನ್ನೊಂದು ಗಳಿಗೆ. ಇನ್ನೊಂದು. ಭಯ ಹೋಯಿತೆಂದು ಹೇಳಿದರೆ ಅದು ಹಳೆಯ ಧೂಳಪ್ಪನ ಸಾಕ್ಷಿಯಾಗುತ್ತದೆ. ಭಯ ಹಾಗೇ ಪಕ್ಕದಲ್ಲಿ ಕೂತಿತ್ತು, ತೊಡೆಗೆ ತೊಡೆ ತಾಗಿಸಿಕೊಂಡು. ಆದರೆ ಬಸ್ಸಿನಲ್ಲಿ ಹುಟ್ಟದ ಮಾತು ಈಗ ಒಂದೊಂದಾಗಿ ಬರುತ್ತಿತ್ತು, ನಾನು ಊದದೆಯೇ ಬರುತ್ತಿತ್ತು.

ಮಧ್ಯಾಹ್ನ ಎರಡಕ್ಕೆ ಡಾಕ್ಟರಮ್ಮ ಓಡಿ ಒಳಗೆ ಹೋದರು. ಹಿಂದೆಯೇ ಇಬ್ಬರು ನರ್ಸುಗಳು. ಸುನೀತಾ ನನ್ನ ತೋಳು ಹಿಡಿದ ಹಿಡಿತಕ್ಕೆ ಬೆರಳಿನ ಗುರುತು ಮೂರು ದಿನ ಇತ್ತು. ಬಾಗಿಲಿನ ಗಾಜಿನಲ್ಲಿ ಪರದೆಯೊಂದೇ ಕಾಣುತ್ತಿತ್ತು. ಅದು ಒಮ್ಮೆ ಅಲುಗಿತು, ನಿಂತಿತು. ಮುಕ್ಕಾಲು ಗಂಟೆಯ ಮೇಲೆ ಡಾಕ್ಟರಮ್ಮ ಹೊರಗೆ ಬಂದರು. ಒಂದು ಚೂರು ಮಿದುಳಿಗೆ ಹೋಗಿದೆ. ಎಡಗೈ ಎತ್ತಲು ಆಗುತ್ತಿಲ್ಲ. ಮಾತು ಸರಿ ಇದೆ. ಕವಾಟದ ಒಂದು ರೆಕ್ಕೆ ಪೂರ್ತಿ ಬಿಡಿಸಿಕೊಂಡಿದೆ, ಇನ್ನೊಂದು ಮುಕ್ಕಾಲು. ಉಬ್ಬಸ ಇಳಿದಿದೆ.

ಶುಕ್ರವಾರ ಆಕೆಯನ್ನು ವಾರ್ಡಿಗೆ ತಂದರು. ದಿಂಬಿಗೆ ಒರಗಿ ಕೂತು, ಮಡಿಲಲ್ಲಿ ಬಿದ್ದ ತನ್ನ ಎಡಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಸುನೀತಾ ಔಷಧ ತರಲು ಹೋಗಿದ್ದಳು. ನಾನು ಸ್ಟೂಲು ಎಳೆದು ಕೂತೆ.

"ಡಾಕ್ಟರ್ ಏನಂದ್ರು?"

ನನ್ನ ಇಡೀ ಜೀವಮಾನದಲ್ಲಿ ಇಷ್ಟು ಕಷ್ಟದ ತಿರುವು ಯಾವ ಘಾಟಿನಲ್ಲೂ ಬಂದಿಲ್ಲ. ಆಕೆಯ ಮುಖ ನೋಡಿದರೆ ಹದಿನೆಂಟರ ಹುಡುಗಿಯ ಕೈ ಆಗುತ್ತದೆ ಎಂಬ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು.

"ಗಡ್ಡಿ ಭಾಳಷ್ಟು ಕರಗೈತಿ, ಪೂರಾ ಅಲ್ಲ. ಕೈ ಆರು ತಿಂಗಳದಾಗ ಬರಬಹುದು ಅಂದಾರ. ಬರದs ಇರಬಹುದು. ಕೆಂಪ ಡಬ್ಬಿ ಗುಳಗಿ ಜೀವ ಇರೂತನಕ. ಒಂದು ದಿನಾ ಬಿಡಂಗಿಲ್ಲ. ಬಿಟ್ರ ಮತ್ತ ಹಿಂಗs ಆಗ್ತೈತಿ. ಪಲ್ಲೆ ವಾರಕ್ಕ ಎಷ್ಟು ಅಂತ ಅವರs ಬರದು ಕೊಡ್ತಾರ."

"ಇದರಾಗ ಎಷ್ಟಾಣೆ ನಂಬಲಿ?"

"ಹದಿನಾರು."

"ಅದs ದೊಡ್ಡ ಮಾತಾತು."

"ಹಂಗಾದ್ರ ನರ್ಸಮ್ಮನ್ನ ಕೇಳು. ನಾ ಹೊರಗ ಹೋಗ್ತೇನಿ."

ನರ್ಸನ್ನು ಕಳಿಸಿ ಬಾಗಿಲಾಚೆ ನಿಂತೆ. ಒಳಗೆ ಬಂದಾಗ ಕಾಶಿಬಾಯಿಯ ಕಣ್ಣು ತುಂಬಿತ್ತು.

"ಒಂದು ಮಾತೂ ಹೆಚ್ಚಿಲ್ಲಲ್ರಿ" ಎಂದಳು. "ಅಕಿ ಹೇಳಿದ್ದೂ ನೀವು ಹೇಳಿದ್ದೂ ಒಂದs. ಈಗ ನನಗ ಅಂಜಿಕಿ ಬರಾಕತ್ತೈತಿ. ಇಷ್ಟು ವರ್ಷ ನೀವು ಏನು ಹೇಳಿದ್ರೂ ಕಡಿಮಿ ಮಾಡ್ಕೊಂಡು ಬದುಕಿದ್ದೆ. ಇದರಾಗ ಕಡಿಮಿ ಮಾಡೂದು ಏನೂ ಇಲ್ಲ."

"ನಂದೂ ಹಂಗs ಐತಿ" ಎಂದೆ. "ನನ್ನ ಎದಿ ಬಡಿಯೂದು ನಿನಗ ಕೇಳಾಕತ್ತಿರಬೇಕು."

"ಇಲ್ರಿ. ನಿಮ್ಮದು ಅಷ್ಟು ದೊಡ್ಡದೇನಿಲ್ಲ."

ಆಗ ಸ್ಟೀಲಿನ ಬಟ್ಟಲಿನಲ್ಲಿ ರವೆಗಂಜಿ ಬಂತು. ಮೂರು ದಿನದ ಮೇಲೆ ಬಾಯಿಗೆ ಹಾಕುವ ಮೊದಲ ಆಹಾರ. ನಮ್ಮಲ್ಲಿ ಪ್ರಾರ್ಥನೆ ಮಾಡದೆ ಉಣ್ಣುವುದಿಲ್ಲ. ನಾನು ಬಟ್ಟಲು ಹಿಡಿದು ಕಣ್ಣು ಮುಚ್ಚಿದೆ.

"ದೇವರೇ, ಈ ಗಂಜಿಗೆ ಸ್ತೋತ್ರ. ಕಾಶಿ ಇಲ್ಲಿ ಕುಂತಾಳ, ಅದಕ್ಕ ಸ್ತೋತ್ರ."

ಮುಂದೆ ಏನೂ ಬರಲಿಲ್ಲ, ಬರಬೇಕೆಂದೂ ಅನ್ನಿಸಲಿಲ್ಲ. ಪಕ್ಕದ ಮಂಚದ ಮುದುಕಿ ಕೆಮ್ಮಿದಳು. ಕಣ್ಣು ತೆರೆದರೆ ಕಾಶಿಬಾಯಿ ಒಂದು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಮುಗೀತೇನ್ರಿ?"

"ಮುಗೀತು."

"ಖರೇನs?"

"ಹೂಂ."

"ಆಮೆನ್ ಅನ್ರಿ ಮತ್ತ."

ನಾನು ಬಾಯಿ ತೆರೆಯುವ ಮೊದಲೇ ಆಕೆಯೇ ಅಂದಳು. ಆಮೇಲೆ ಬಲಗೈ ಚಾಚಿ ನನ್ನ ಕೈಯಿಂದ ಚಮಚ ಕಿತ್ತುಕೊಂಡಳು.

"ಕೊಡ್ರಿ ಇಲ್ಲಿ. ನೀವು ಎಲ್ಲಾ ಚೆಲ್ತೀರಿ. ಬಟ್ಟಲಾ ಅಷ್ಟ ಗಟ್ಟಿ ಹಿಡೀರಿ."

ಹಿಡಿದೆ. ಆಕೆ ಉಂಡಳು. ಏಳು ಚಮಚ ಉಂಡು, ಎಂಟನೆಯದು ಬೇಡವೆಂದಳು.